ಡ್ರೈವರಣ್ಣ ಟೀಗೆ ಹೋದ ಮೇಲೆ

ಹೊಸದುರ್ಗದ ಅಕ್ಕನ ಎಡ ಮುಂಗೈ ಮೇಲೆ ಸದಾ ಬೆಲೆಯ ಚೀಟಿಗಳು ಅಂಟಿಕೊಂಡಿರುತ್ತಿದ್ದವು. ಪೊಟ್ಟಣದಿಂದ ಅರ್ಧ ಕಿತ್ತುಬಂದ ಚೀಟಿ ಕಂಡಲ್ಲೆಲ್ಲ ಅದನ್ನು ಬಿಡಿಸಿ ಕೈಗೆ ಮೆತ್ತಿಕೊಂಡು, ಹೊಸದು ಅಂಟಿಸಲು ಹೇಳಿ ಮುಂದೆ ಹೋಗುವರು. ಸಂಜೆ ಹೊತ್ತಿಗೆ ಬಳೆಯೇ ಕಾಣದು. "ಅಕ್ಕಾ, ನಿಮ್ಮನ್ನೇ ಬಿಲ್ಲಿಂಗ್ ಮೆಷಿನ್ನಿಗೆ ಹಿಡಿದ್ರೆ ತೊಗರಿಬೇಳೆ ಅಂತ ತೋರಿಸ್ತತೆ" ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ನಿನ್ನ ಹಿಡಿದ್ರೆ ಬರೀ ಬಿಪಿ ಮಾತ್ರೆ ಅಂತ ತೋರಿಸ್ತತೆ ಕಣೋ ತಮ್ಮಾ" ಎಂದಿದ್ದರು. ಸುಳ್ಳಲ್ಲ.

ನಮ್ಮ ಯಜಮಾನರಿಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಬಜಾರು. ಬುಟ್ಟಿ ಹಿಡಿದು ಜನ ತಾವೇ ಸಾಮಾನು ಆರಿಸಿಕೊಳ್ಳುವ ಅಂಗಡಿ. ಅಕ್ಕ ಹೊಸದುರ್ಗದ ಮ್ಯಾನೇಜರು, ನಾನು ಹೊಳಲ್ಕೆರೆಯ ಮ್ಯಾನೇಜರು. ತಿಂಗಳಿಗೊಮ್ಮೆ ಚಿತ್ರದುರ್ಗದ ಅಂಗಡಿಯ ಮಹಡಿ ಮೇಲೆ ಸಭೆ. ವ್ಯಾಪಾರದಲ್ಲಿ ಮುಂದಿದ್ದವರಿಗೆ ಶಾಲು, ಹಿಂದಿದ್ದವರಿಗೆ ಎಲ್ಲರೆದುರು ಮಂಗಳಾರತಿ. ಹೀಗಾಗಿ ಒಂದೇ ಬೋರ್ಡಿನ ಕೆಳಗೆ ದುಡಿಯುವ ನಾವು ದಾಯಾದಿಗಳಂತಾಗಿದ್ದೆವು. ಹಿರಿಯೂರಿನವರು ಗೌರಿ ಹಬ್ಬಕ್ಕೆ ಬಾಗಿನದ ಸಾಮಾನನ್ನೆಲ್ಲ ಮೊರದಲ್ಲೇ ಜೋಡಿಸಿ ಮಾರಿದ ಸಂಗತಿ ನಮಗೆ ತಿಳಿದದ್ದು ಗಣಪತಿ ನೀರಿಗೆ ಬಿದ್ದ ಮೇಲೆ. ನಾನೇನು ಕಮ್ಮಿ? ಮಳೆಗಾಲದಲ್ಲೂ ನಿಮ್ಮಲ್ಲಿ ಮಂಡಕ್ಕಿ ಹೇಗೆ ಗರಿಗರಿ ಇರುತ್ತದೆಂದು ಯಾರಾದರೂ ಕೇಳಿದರೆ "ಏನೋ, ದೇವರ ದಯೆ" ಎನ್ನುತ್ತಿದ್ದೆ. ದೇವರೆಂದರೆ ಚೀಲಗಳ ನಡುವೆ ಹಗಲಿಡೀ ಉರಿಯುತ್ತಿದ್ದ ಒಂದು ಹಳೆಯ ಬಲ್ಬು.

ಅಕ್ಕನಿಗೆ ಮಾತ್ರ ಮುಚ್ಚಿಡುವುದು ಒಗ್ಗುತ್ತಿರಲಿಲ್ಲ. ಬೆಳಿಗ್ಗೆ ಷಟರ್ ಎತ್ತುವ ಮೊದಲು ವಾಟ್ಸಾಪ್ ಗ್ರೂಪಿಗೆ ಅವರ ದನಿ ಬಂದು ಬೀಳುತ್ತಿತ್ತು: "ನಿನ್ನೆ ನಮ್ಮಲ್ಲಿ ಎಡವಟ್ಟಾಗಿದ್ದು ಕೇಳ್ರಪ್ಪ." ಮೊದಲು ತಪ್ಪು, ಆಮೇಲೆ ಅದರಿಂದ ಹೊಳೆದದ್ದು. ನಾವು ಕೇಳಿಸಿಕೊಂಡು, ಪ್ರಯೋಜನವಾಗುವುದನ್ನು ಎತ್ತಿಕೊಂಡು, ಕೈ ಮುಗಿಯುವ ಒಂದು ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆವು.

ಹೀಗಿರುವಾಗ ಹೊಸದುರ್ಗಕ್ಕೂ ಹೊಳಲ್ಕೆರೆಗೂ ಹೊರಗಿನ ದೊಡ್ಡ ಕಂಪನಿಯ ಗಾಜಿನ ಅಂಗಡಿ ಬಂತು. ಒಳಗೆ ಎ.ಸಿ., ಒಂದು ಕೊಂಡರೆ ಒಂದು ಉಚಿತ. ಆ ತಿಂಗಳ ಸಭೆಗೆ ಯಜಮಾನರು ಶಾಲು ತರಿಸಲಿಲ್ಲ. "ಎರಡನ್ನೂ ಎಳೆಯಾಕೆ ನನ್ ಕೈಲಿ ಆಗಲ್ಲ. ದೀಪಾವಳಿ ಕಳೀಲಿ. ಹೊಸದುರ್ಗ, ಹೊಳಲ್ಕೆರೆ, ಎರಡರಾಗೆ ಯಾವ್ದು ಹಿಂದೆ ಬೀಳ್ತತೋ ಅದನ್ನ ಮುಚ್ತೀನಿ" ಎಂದರು.

ಮೆಟ್ಟಿಲಿಳಿಯುವಾಗ ನನ್ನ ನಾಡಿ ನಾನೇ ಹಿಡಿದು ನೋಡಿಕೊಂಡೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಕರೆಯುವವರು ಯಾರು? ಹೆಂಡತಿಗೆ ಹೇಗೆ ಹೇಳುವುದು, ಊಟಕ್ಕೆ ಮುಂಚೆಯೋ ಆಮೇಲೋ ಎಂಬಲ್ಲಿಯವರೆಗೆ ಚಿಂತಿಸಿ ಮುಗಿಸಿದ್ದೆ.

ಇಬ್ಬರಿಗೂ ಒಂದೇ ಬಸ್ಸು. ನಾನು ನಡುವೆ ಇಳಿಯುವವನು. ಪಕ್ಕದಲ್ಲಿ ಕೂತ ಅಕ್ಕ ಕಡಲೆಕಾಯಿ ಸುಲಿಯುತ್ತ ಕೇಳಿದರು. "ನಿನ್ನಂಗಡೀಲಿ ಅರ್ಧ ತುಂಬಿದ ಬುಟ್ಟಿ ಬಿಟ್ಟು ಹೋಗ್ತಾರೇನೋ?"

"ಹೋಗ್ತಾರಕ್ಕ. ರೇಟ್ ಜಾಸ್ತಿ ಅಂತ."

"ರೇಟಲ್ಲ ಕಣೋ, ಬಸ್ಸು. ಹಳ್ಳಿಯಿಂದ ಬಂದೋರು ಬೇಳೆ ನೋಡ್ತಾರಾ, ಬಾಗಿಲು ನೋಡ್ತಾರಾ? ಬಸ್ ತಪ್ಪಿದ್ರೆ ಸಾಯಂಕಾಲದ ಗಂಟ ಕಾಯಬೇಕು. ಅದಕ್ಕೆ ನಾನು ಬಾಗಿಲಾಗೆ ಒಬ್ಬಾಕಿನ ನಿಲ್ಸೀನಿ. ಒಳ್ಳೆ ಗಂಟಲು. ಮಾಡದಕೆರೆ, ಶ್ರೀರಾಂಪುರ, ಯಾವ ಬಸ್ಸಾದ್ರೂ ಒಳಕ್ಕೆ ಕೂಗಿ ಹೇಳ್ತಾಳೆ. ಈಗ ಜನ ನೆಮ್ಮದಿಯಾಗಿ ಬುಟ್ಟಿ ತುಂಬ್ತಾರೆ. ಗಾಜಿನಂಗಡಿಯೋರಿಗೆ ಹಾರನ್ನೂ ಕೇಳ್ಸಲ್ಲ. ನಿಂದೂ ಬಸ್ ಸ್ಟ್ಯಾಂಡ್ ಮಗ್ಗುಲೇ ಐತಲ್ಲ, ಮಾಡು."

ಖುಷಿಯಾಗಬೇಕಿತ್ತು. ನನಗೆ ಅನುಮಾನ ಬಂತು. ಮುಚ್ಚುವುದು ಇವರದ್ದು ಇಲ್ಲವೇ ನನ್ನದು. ಹಾಗಿರುವಾಗ ಇದನ್ನು ನನಗ್ಯಾಕೆ ಹೇಳುತ್ತಿದ್ದಾರೆ?

ಮರುದಿನ ಕೂಗಲು ನಾನೇ ನಿಂತೆ. ರಾಮಗಿರಿ ಬಸ್ಸು ತಿರುಗಿದ್ದೇ ತಡ "ರಾಮಗಿರಿ ಬಂತೂ!" ಎಂದೆ. ಒಳಗಿದ್ದವರೆಲ್ಲ ಒಮ್ಮೆಲೇ ಬಿಲ್ಲಿಂಗಿಗೆ ನುಗ್ಗಿದರು. ಎಣ್ಣೆ ಪ್ಯಾಕೆಟ್ಟು ಒಡೆಯಿತು. ಅರ್ಧ ಜನ ಬುಟ್ಟಿಗಳನ್ನು ಅಲ್ಲೇ ಎಸೆದು ಓಡಿದರು. ಒಬ್ಬ ಅಜ್ಜಿ ಬಾಗಿಲಲ್ಲಿ ತಿರುಗಿ, "ಸಾಮಾನು ಕೊಡಾಕೆ ಕೂಗ್ತೀಯೋ, ಓಡ್ಸಾಕೆ ಕೂಗ್ತೀಯೋ? ಬೆಂಕಿ ಬಿತ್ತೇನೋ ಅನ್ಕಂಡೆ ನಿನ್ನ ಬಾಯಿಗಿಷ್ಟು!" ಎಂದಳು. ತಾಳ್ಯದ ಬಸ್ಸಿಗೂ ಅದೇ ಕಥೆ. ಮಧ್ಯಾಹ್ನದ ಹೊತ್ತಿಗೆ ನನಗೆ ಖಾತ್ರಿಯಾಗಿತ್ತು: ಅಕ್ಕ ಅರ್ಧ ಮಾತ್ರ ಹೇಳಿ ನನ್ನನ್ನು ಮುಳುಗಿಸಿದ್ದಾರೆ. ಫೋನು ಹಚ್ಚಿ ಅದನ್ನೇ ಅಂದುಬಿಟ್ಟೆ.

ಅಕ್ಕ ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, "ಬಸ್ ಬಂದ ಕೂಡ್ಲೆ ಕೂಗಿದ್ಯಾ? ಥೂ, ಹೇಳೋದೇ ಮರ್ತೆ ನೋಡು. ನಮಗೆ ರೂಢಿಯಾಗಿಬಿಟ್ಟೈತೆ. ನಾಳೆ ಬರ್ತೀನಿ ತಡಿ."

"ನಾಳೆ ಮಹಾಲಯ ಅಮಾವಾಸ್ಯೆ ವ್ಯಾಪಾರ ಅಕ್ಕ. ನಿಮ್ಮಂಗಡಿ?"

"ಜನ ಇರೋ ದಿನಾನೇ ಕಲೀಬೇಕು. ಖಾಲಿ ಅಂಗಡೀಲಿ ಏನ್ ಕಲಿಸ್ಲಿ?"

ಬಂದರು. ಒಳಗೊಂದು ಸುತ್ತು ಹಾಕಿ ಬಾಗಿಲಿಗೆ ಬರುವ ಹೊತ್ತಿಗೇ ಕೈ ಮೇಲೆ ನಮ್ಮಂಗಡಿಯ ಚೀಟಿಗಳು. ಅಂಗಡಿ ತುಂಬ ಜನ. ರಾಮಗಿರಿ ಬಸ್ಸು ಬಂದು ನಿಂತಿತು. ನಾನು ಬಾಯಿ ತೆರೆದೆ.

"ಮುಚ್ಕಳೋ."

ಒಳಗಿನ ಹೆಂಗಸರು ಕತ್ತು ಚಾಚುತ್ತಿದ್ದರು. ಒಬ್ಬಾಕೆ ಬುಟ್ಟಿ ಕೆಳಗಿಟ್ಟಳು. ಕಂಡಕ್ಟರು ಸೀಟಿ ಊದಿದರೆ ಮುಗಿಯಿತು, ಇವತ್ತಿನ ವ್ಯಾಪಾರವೂ ನಾನೂ. ಅಕ್ಕ ಬಸ್ಸಿನತ್ತ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಎದುರಿನ ಟೀ ಅಂಗಡಿಯ ಮೇಲಿತ್ತು. ಡ್ರೈವರು ಇಳಿದ. ಮುಖಕ್ಕೆ ನೀರು ಹಾಕಿಕೊಂಡ. ಬೆಂಚಿನ ಮೇಲೆ ಕೂತ.

"ರಾಮಗಿರಿ ಬಸ್ ಬಂದೈತೆ. ಡ್ರೈವರಣ್ಣ ಟೀಗೆ ಹೋದ್ರು. ನಿಧಾನಕ್ಕೆ ಬರ್ರಿ" ಎಂದರು ಅಕ್ಕ, ಮನೆಯವರಿಗೆ ಹೇಳುವಂತೆ.

ಯಾರೂ ನುಗ್ಗಲಿಲ್ಲ. ಕೆಳಗಿಟ್ಟ ಬುಟ್ಟಿ ಮೇಲೆದ್ದಿತು. ಒಬ್ಬಾಕೆ ವಾಪಸ್ ಹೋಗಿ ಬೆಲ್ಲವನ್ನೂ ತಂದಳು.

"ಬಸ್ ಬಂತು ಅಂದ್ರೆ ಎಷ್ಟು ಹೊತ್ತು ಐತೆ ಅಂತ ಯಾರಿಗೂ ಗೊತ್ತಿಲ್ಲ. ಒಂದು ಟೀ ಕುಡಿಯೋ ಹೊತ್ತು ಎಷ್ಟು ಅಂತ ಎಲ್ರಿಗೂ ಗೊತ್ತು" ಎಂದು ಅಕ್ಕ ನನ್ನ ಕಡೆ ತಿರುಗಿದರು. "ನೀನೂ ಒಂದು ಟೀ ಕುಡಿ ಹೋಗು. ಮುಖ ನೋಡಾಕಾಗ್ತಿಲ್ಲ."

ದೀಪಾವಳಿ ಕಳೆಯಿತು. ಯಜಮಾನರು ಮುಚ್ಚಿದ್ದು ಹೊಸದುರ್ಗವನ್ನು. ಅಕ್ಕನನ್ನು ಚಿತ್ರದುರ್ಗದ ಅಂಗಡಿಗೆ ಹಾಕಿದರು. ಮ್ಯಾನೇಜರಲ್ಲ, ಬರೀ ಸಾಮಾನು ಇಳಿಸಿಕೊಳ್ಳುವ ಮೇಲ್ವಿಚಾರಣೆ. ಸಭೆಯಲ್ಲಿ ಅವರು ಕೇಳಿದ್ದು ಒಂದೇ: ಬಾಗಿಲಲ್ಲಿ ಕೂಗುವಾಕೆಗೆ ಹೊಳಲ್ಕೆರೆಯಲ್ಲಿ ಕೆಲಸ ಕೊಡಬೇಕು.

ಅದೇ ಮೆಟ್ಟಿಲ ಮೇಲೆ ನಾನು ಅವರನ್ನು ತಡೆದು ನಿಲ್ಲಿಸಿದೆ. "ಅಕ್ಕಾ, ನನಗೆ ಹೇಳಿಕೊಡದೆ ಇದ್ದಿದ್ರೆ ನಿಮ್ಮಂಗಡಿ ಉಳೀತಿತ್ತಲ್ಲ?"

"ಉಳೀತಿತ್ತು. ನಿಂದು ಹೋಗ್ತಿತ್ತು. ನಿಂಗೆ ಬಿಪಿ ಬೇರೆ ಐತೆ." ನಕ್ಕು ಎರಡು ಮೆಟ್ಟಿಲು ಇಳಿದವರು ನಿಂತರು. ಈ ಸಲ ನಗಲಿಲ್ಲ. "ಬೇಜಾರಾಗೈತೆ ಕಣೋ. ಆಗಿಲ್ಲ ಅನ್ಕಬ್ಯಾಡ."

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಎಂದಿನಂತೆ ಅವರ ದನಿ: "ನಿನ್ನೆ ಎಡವಟ್ಟಾಗಿದ್ದು ಕೇಳ್ರಪ್ಪ." ಅದರ ಕೆಳಗೆ ನಾನು ಮೊದಲ ಸಲ ನನ್ನ ಬಲ್ಬಿನ ವಿಷಯ ಹೇಳಿದೆ. ಮುಂದಿನ ಗೌರಿ ಹಬ್ಬಕ್ಕೆ ಹಿರಿಯೂರಿನವರು ಮೊರದ ಫೋಟೊವನ್ನು ಹಬ್ಬಕ್ಕೆ ಮುಂಚೆಯೇ ಹಾಕಿದರು. ಉಳಿದ ಮೂರು ಅಂಗಡಿಗಳು ಇವತ್ತಿಗೂ ನಡೆಯುತ್ತಿವೆ, ನನ್ನದು ಗಾಜಿನಂಗಡಿಯ ಎದುರಿನಲ್ಲೇ.

ಈಚೆಗೆ ಒಂದು ಬೆಳಿಗ್ಗೆ ಆ ದನಿ ಬರಲಿಲ್ಲ. ಯಜಮಾನರ ಫೋನು ಬಂತು. ಅಕ್ಕನಿಗೆ ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣು ಹೊಸದುರ್ಗದಲ್ಲಿ, ಮಧ್ಯಾಹ್ನ.

ಒಳಗಿದ್ದ ಗಿರಾಕಿಗಳ ಬಿಲ್ಲು ಮುಗಿಸಿ ಷಟರ್ ಎಳೆಯಬೇಕಿತ್ತು. ಬಸ್ಸು ತಪ್ಪಿದರೆ ಅಕ್ಕನ ಮುಖ ನೋಡಲು ಸಿಗುವುದಿಲ್ಲ. ಒಂದೇ ಸೋಪನ್ನು ಎರಡು ಸಲ ಮೆಷಿನ್ನಿಗೆ ಹಿಡಿದೆ. ಹೊರಗೆ ಹಾರನ್ನು ಕೇಳಿಸಿತು. ಎಲ್ಲ ಬಿಟ್ಟು ಓಡುವುದೇ ಎಂದು ಎದ್ದೆ.

ಬಾಗಿಲಲ್ಲಿ ಹೊಸದುರ್ಗದಿಂದ ಬಂದಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಟೀ ಅಂಗಡಿಯತ್ತ ನೋಡುತ್ತಿದ್ದಳು. ಒಳ್ಳೆ ಗಂಟಲಿನಾಕೆ ಆವತ್ತು ಕೂಗದೆ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಹೊಸದುರ್ಗದ ಬಸ್ ಬಂದೈತೆ ಸಾರ್. ಡ್ರೈವರಣ್ಣ ಟೀಗೆ ಹೋದ್ರು. ನಿಧಾನಕ್ಕೆ ಬರ್ರಿ."

ಕೂತೆ. ಉಳಿದ ಬಿಲ್ಲು ಮುಗಿಸಿದೆ, ಷಟರ್ ಎಳೆದೆ. ಹುಟ್ಟಿದಾಗಿನಿಂದ ಬಸ್ಸಿಗೆ ಓಡಿಯೇ ಅಭ್ಯಾಸವಿದ್ದ ನಾನು ಆ ದಿನ ನಡೆದುಕೊಂಡು ಹೋಗಿ ಹತ್ತಿದೆ.