ಹಣ ಮೊದಲು, ಕಾರ್ಡು ಆಮೇಲೆ

ಗೋಕಾಕದಲ್ಲಿ ನಮ್ಮ ಬ್ಯಾಂಕಿನವರು ಎಟಿಎಂ ಕೂರಿಸಿದಾಗ ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಮನೆ ಗೋಕಾಕ, ಕೆಲಸ ಮೂಡಲಗಿ; ದಿನವೂ ಅರಭಾವಿ ಮೇಲೆ ಹಾದು ಹೋಗುವ ಬಸ್ಸು. ಪಗಾರ ನೇರ ಬ್ಯಾಂಕಿಗೆ ಬೀಳತೊಡಗಿದ ಮೇಲೆ ನಮಗೆಲ್ಲ ಒಂದೊಂದು ಕಾರ್ಡು ಕೊಟ್ಟರು. ಇನ್ನು ಕೌಂಟರಿನ ಮುಂದೆ ನಿಂತು ಕಾಲು ನೋಯಿಸಿಕೊಳ್ಳಬೇಕಿಲ್ಲ, ಯಂತ್ರಕ್ಕೆ ಕಾರ್ಡು ತೋರಿಸಿದರೆ ಸಾಕು ಎಂದರು. ನಾನು ಖುಷಿಪಟ್ಟವಳೇ. ಹೊಸದು ಎಂದರೆ ಹೆದರುವ ಹೆಂಗಸಲ್ಲ ನಾನು, ಆಗ.

ಮೊದಲ ಸಲ ಹೋದಾಗ ಗಾಜಿನ ಬಾಗಿಲ ಹೊರಗೆ ಹತ್ತಾರು ಮಂದಿ ಪಾಳಿ ನಿಂತಿದ್ದರು. ಗೋಕಾಕದಲ್ಲಿ ನಾನು ಯಾವ ಪಾಳಿಯಲ್ಲಿ ನಿಂತರೂ ಮುಂದೊಬ್ಬ, ಹಿಂದೊಬ್ಬ ನನ್ನ ಕೈಯಲ್ಲಿ ಕಲಿತವನೇ ಇರುತ್ತಿದ್ದ. ಅವತ್ತೂ ಇದ್ದರು. ಒಳಗೆ ಹೋದೆ. ಯಾವ ಭಾಷೆ ಬೇಕು ಎಂದು ಯಂತ್ರ ಕೇಳಿತು. ಕನ್ನಡದ ಮೇಷ್ಟ್ರು ಕನ್ನಡ ಬಿಟ್ಟು ಬೇರೇನು ಒತ್ತಿಯಾಳು? ಒತ್ತಿದೆ. ‘ತಾವು ವ್ಯವಹಾರವನ್ನು ಮುಂದುವರಿಸಲು ಇಚ್ಛಿಸುವಿರಾ?’ ಎಂದು ಬಂತು. ನನ್ನ ವಿದ್ಯಾರ್ಥಿ ಯಾರಾದರೂ ಪ್ರಬಂಧದಲ್ಲಿ ಹೀಗೆ ಬರೆದಿದ್ದರೆ ಕೆಂಪು ಶಾಯಿ ಬಳಿದು, ‘ಮನುಷ್ಯರು ಮಾತಾಡುವ ಹಾಗೆ ಬರಿ’ ಎಂದು ಬರೆಯುತ್ತಿದ್ದೆ. ಆದರೆ ಅಲ್ಲಿ ಪರೀಕ್ಷೆಗೆ ಕೂತವಳು ನಾನು.

ಅಕ್ಷರಗಳು ಗಾಜಿನ ಹಿಂದೆ ಒಂದು ಎತ್ತರದಲ್ಲಿದ್ದವು, ಬದಿಯ ಗುಂಡಿಗಳು ಇನ್ನೊಂದು ಎತ್ತರದಲ್ಲಿ. ನಾನು ಕುಳ್ಳಿ. ಕೆಳಗಿನಿಂದ ನೋಡಿದರೆ ‘ಹೌದು’ ಎಂಬುದು ಯಾವ ಗುಂಡಿಯ ಎದುರಿಗಿದೆ ಎಂದೇ ತಿಳಿಯದು. ಚಾಳೀಸು ತೆಗೆದೆ, ಹಾಕಿಕೊಂಡೆ, ಬೆರಳು ಎತ್ತಿದೆ. ಅಷ್ಟರಲ್ಲಿ ಯಂತ್ರ ಕುಂಯ್ ಕುಂಯ್ ಎಂದು ಕೂಗಿ, ‘ಸಮಯ ಮೀರಿದೆ’ ಎಂದು ಬರೆದು ಕಾರ್ಡನ್ನು ಹೊರಗೆ ಉಗುಳಿತು. ಮತ್ತೆ ಹಾಕಿದೆ. ಮತ್ತೆ ಕೂಗಿತು. ಹೊರಗಿನಿಂದ ಒಬ್ಬ ಬಾಗಿಲು ತುಸು ತೆರೆದು, “ಅಕ್ಕೋರ, ಅದರ ಮ್ಯಾಲಿಂದ ಒತ್ರಿ, ಮ್ಯಾಲಿಂದು,” ಎಂದ. ಅವನು ಒಂಬತ್ತನೆಯ ತರಗತಿಯಲ್ಲಿ ನಪಾಸಾಗಿ ಎರಡು ವರ್ಷ ಕೂತಿದ್ದ ಹುಡುಗ. ಕಿವಿ ಕೆಂಪಾದವು.

ಕೊನೆಗೆ ಒಳಗೆ ಗರಗರ ಸದ್ದಾಗಿ ನೋಟುಗಳು ಮುಖ ತೋರಿಸಿದವು. ಅಬ್ಬಾ ಎನಿಸಿತು. ತೆಗೆದುಕೊಂಡೆ, ಎಣಿಸಿದೆ, ಪರ್ಸಿಗೆ ಹಾಕಿ ಜಿಪ್ಪು ಎಳೆದೆ, ಸೆರಗಿನಿಂದ ಹಣೆ ಒರೆಸಿಕೊಂಡು ಹೊರಗೆ ಬಂದು ಮನೆ ದಾರಿ ಹಿಡಿದೆ. ಹನುಮಪ್ಪನ ಗುಡಿ ದಾಟುವಷ್ಟರಲ್ಲಿ ಅದೇ ಹುಡುಗ ಹಿಂದಿನಿಂದ ಓಡಿ ಬಂದ.

“ಅಕ್ಕೋರ, ನಿಮ್ಮ ಕಾರ್ಡ ಅದರಾಗ ಬಿಟ್ಟ ಬಂದ್ರಿ. ನಾ ಒಳಗ ಹೋಗೂದ್ರಾಗ ಮಷೀನ ನುಂಗಿಬಿಡ್ತು.”

ಮರುದಿನ ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿನ ಸಾಹೇಬರು ಒಳ್ಳೆಯ ಮನುಷ್ಯರೇ, ಆದರೆ ಅವರಿಗೆ ಸಣ್ಣ ದನಿ ಎಂಬುದಿರಲಿಲ್ಲ. ಕೌಂಟರಿನ ಮುಂದಿದ್ದವರೆಲ್ಲ ತಿರುಗಿ ನೋಡುವ ಹಾಗೆ, “ಏನ್ರಿ ಅಕ್ಕೋರ, ಸಾಲಿ ಕಲಸಾವ್ರು ನೀವ. ನೀವ ಹಿಂಗ ಮರತ್ರ ಓದಾಕ ಬರದ ಮಂದಿ ಏನ್ ಮಾಡ್ಬೇಕ್ರಿ? ಸ್ವಲ್ಪ ಲಕ್ಷ್ಯ ಕೊಡ್ರಿ,” ಎಂದರು. ನಾನು “ಹೂಂರಿ, ತಪ್ಪಾತ್ರಿ” ಎಂದೆ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಮಕ್ಕಳಿಗೆ ‘ಲಕ್ಷ್ಯ ಎಲ್ಲೈತಿ?’ ಎಂದು ಕೇಳುವವಳು ನಾನು. ಆ ಮಾತನ್ನು ನನಗೇ ಯಾರೋ ಕೇಳಿದ್ದು ಅದೇ ಮೊದಲು.

ಬರೀ ಅವಮಾನವಾಗಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಮರೆಯಲಾಗದ ಕಾರಣ ಬೇರೆ ಇತ್ತು. ನನ್ನ ಅವ್ವ ಮೇಲವಂಕಿಯಲ್ಲಿ ಕೊನೆಯ ಕೆಲವು ವರ್ಷ ಮರೆವಿನಲ್ಲೇ ಕಳೆದಳು. ಅದು ಶುರುವಾದದ್ದು ಹೇಗೆ ಎಂದು ನಮಗೆಲ್ಲ ನೆನಪಿದೆ. ಒಂದು ದಿನ ಗಿರಣಿಗೆ ಜೋಳ ಒಯ್ದಳು, ಬೀಸಿಸಿದಳು, ಹಿಟ್ಟನ್ನು ಡಬ್ಬಿಯ ಸಮೇತ ಅಲ್ಲೇ ಬಿಟ್ಟು ಖಾಲಿ ಕೈಯಲ್ಲಿ ಮನೆಗೆ ಬಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅವಳೂ ನಕ್ಕಿದ್ದಳು. ಆಮೇಲೆ ನಗುವಂಥದ್ದೇನೂ ಉಳಿಯಲಿಲ್ಲ. ಈಗ ನನಗೂ ಐವತ್ತು ಸಮೀಪಿಸಿತ್ತು. ಕಾರ್ಡು ಬಿಟ್ಟು ಬಂದ ರಾತ್ರಿ ನನ್ನ ಕಣ್ಣ ಮುಂದೆ ಆ ಹಿಟ್ಟಿನ ಡಬ್ಬಿಯೇ ಕೂತಿತ್ತು.

ಯಾರಿಗೂ ಹೇಳಲಿಲ್ಲ. ನನ್ನ ಯಜಮಾನರಿಗೆ ಬಜಾರದಲ್ಲಿ ಅರಿವೆ ಅಂಗಡಿ, ಅವರ ಬಾಯಿ ಅಂಗಡಿಗಿಂತ ದೊಡ್ಡದು. ಹೇಳಿದ್ದರೆ ಸಂಜೆಯೊಳಗೆ ಗಿರಾಕಿಗಳಿಗೆಲ್ಲ ಕಥೆಯಾಗುತ್ತಿತ್ತು. ಕಾರ್ಡು ವಾಪಸು ಬಂದ ಮೇಲೂ ಗೋಕಾಕದ ಯಂತ್ರದ ಮುಂದೆ ಹೋಗಲು ಧೈರ್ಯ ಬರಲಿಲ್ಲ. ಸಂಕೇಶ್ವರದಲ್ಲೂ ಅದೇ ಬ್ಯಾಂಕಿನ ಎಟಿಎಂ ಇದೆ ಎಂದು ತಿಳಿಯಿತು. ಅಲ್ಲಿ ನನ್ನನ್ನು ಬಲ್ಲವರಿಲ್ಲ. ತಪ್ಪಿದರೂ ಪರವೂರಿನಲ್ಲಿ ತಪ್ಪಲಿ ಎಂದುಕೊಂಡು ಒಂದು ಭಾನುವಾರ ಹುಕ್ಕೇರಿಯಲ್ಲಿ ಮೀಟಿಂಗ್ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿದೆ. ಹುಕ್ಕೇರಿ ದಾಟಿ ಸಂಕೇಶ್ವರಕ್ಕೆ ಹೋಗಿ ನನ್ನದೇ ಪಗಾರವನ್ನು ಕಳ್ಳರ ಹಾಗೆ ತೆಗೆಯಲು ಹೊರಟಿದ್ದೆ.

ಅಲ್ಲಿ ಪಾಳಿಯಲ್ಲಿ ಯಾರಿದ್ದರು ಗೊತ್ತೇ? ನಮ್ಮದೇ ಶಾಲೆಯ ಗಣಿತದ ಸರ್. ನನ್ನನ್ನು ಕಂಡು ಅವರೇನೂ ಮುಖ ಮುಚ್ಚಿಕೊಳ್ಳಲಿಲ್ಲ. ಊರಿಗೆಲ್ಲ ಕೇಳುವಂತೆ ನಕ್ಕರು.

“ಏನ್ರಿ ಅಕ್ಕೋರ, ಇಲ್ಲಿ?”

“ಬೀಗರ ಮನಿಗಿ ಬಂದಿದ್ನಿರಿ,” ಎಂದೆ. ಸಂಕೇಶ್ವರದಲ್ಲಿ ನನಗೆ ಯಾವ ಬೀಗರೂ ಇರಲಿಲ್ಲ.

“ನಾ ಕೊಲ್ಲಾಪುರಕ್ಕ ಹೊಂಟಿದ್ನಿ, ರೊಕ್ಕಾ ತಗೊಂಡ ಹೋಗೂಣಂತ ನಿಂತೇನಿ. ಆ ಗೋಕಾವಿ ಮಷೀನಿಗಿ ತಲೀನ ಇಲ್ರಿ. ನನ್ನ ಕಾರ್ಡ ನುಂಗಿತ್ತು ಹಾಳಾದ್ದು, ಮೊನ್ನೆ ಬ್ಯಾಂಕಿಗಿ ಹೋಗಿ ಬಿಡಿಸ್ಕೊಂಡ ಬಂದೇನಿ. ಎಂಥಾ ಅಡ್ನಾಡಿ ಮಷೀನ ಮಾಡ್ಯಾರ ನೋಡ್ರಿ!”

ನಾನು ಮನಸ್ಸಿನಲ್ಲೇ ಅವರನ್ನು ಬೈದುಕೊಂಡೆ. ಗಂಡಸರದು ಎಷ್ಟು ಸುಲಭ! ತಾವು ಮರೆತು ಬಂದು ಯಂತ್ರದ ಮೇಲೆ ಹಾಕುತ್ತಾರೆ, ನಾಚಿಕೆ ಮಾನ ಇಲ್ಲದವರು, ಎಂದುಕೊಂಡೆ. ಅವರು ಹಣ ತೆಗೆದುಕೊಂಡು ಬಂದು ಬಾಗಿಲ ಹೊರಗೇ ನಿಂತರು. ಅವರ ಮುಂದೆ ತಪ್ಪಬಾರದೆಂದು ನಾನು ಒಳಗೆ ಹೋಗಿ ಒಂದೊಂದು ಗುಂಡಿಯನ್ನೂ ಬೆರಳಿಟ್ಟು ಹುಡುಕಿ ಒತ್ತಿದೆ. ಎಲ್ಲ ಸರಿಯಾಯಿತು. ನೋಟು ಬಂದವು. ಗೆದ್ದೆ ಎನಿಸಿತು. ಹಣ ಪರ್ಸಿಗೆ ಹಾಕಿ, ಹೊರಗೆ ಬಂದು, ಸರ್‌ಗೆ “ಬರ್ತೇನ್ರಿ” ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಚಿಲ್ಲರೆಗೆಂದು ಪರ್ಸು ತೆರೆದಾಗ ಕಾರ್ಡಿನ ಜಾಗ ಖಾಲಿ ಇತ್ತು.

ಅವತ್ತು ಬಸ್ಸಿನ ಕಿಟಕಿಗೆ ತಲೆ ಆನಿಸಿ ಅತ್ತೆ. ಕಂಡಕ್ಟರು ಬಂದು ತಿಕೀಟು ಕೊಟ್ಟು ಮುಂದೆ ಹೋದ. ನನಗೆ ಅನುಮಾನ ಉಳಿಯಲಿಲ್ಲ. ಅವ್ವನದು ನನಗೂ ಬಂತು ಎಂದು ಗಟ್ಟಿ ಮಾಡಿಕೊಂಡೆ. ಅಲ್ಲಿಂದ ಮುಂದೆ ನನ್ನ ತಲೆಯನ್ನು ನಾನೇ ಪರೀಕ್ಷೆ ಮಾಡತೊಡಗಿದೆ. ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ, ಮೂರು ಸಲ ಮುಚ್ಚಳ ತೆರೆದು ನೋಡುತ್ತಿದ್ದೆ. ತರಗತಿಯಲ್ಲಿ ಬಾಯಿಪಾಠವಾಗಿದ್ದ ಪದ್ಯವನ್ನೂ ಪುಸ್ತಕ ನೋಡಿಯೇ ಹೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು.

ಅದೇ ಹೊತ್ತಿಗೆ ನನ್ನ ಬಡ್ತಿ ಬಂತು. ಹುಕ್ಕೇರಿ ಕಡೆಯ ಒಂದು ಹೈಸ್ಕೂಲಿಗೆ ಹೆಡ್ ಮಿಸ್ಟ್ರೆಸ್. ಅದಕ್ಕಾಗಿ ನಾನು ಎಷ್ಟು ವರ್ಷ ಆಸೆಪಟ್ಟಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತು. ಒಂದು ಶಾಲೆ ನನ್ನ ಕೈಗೆ ಸಿಕ್ಕರೆ ಏನೇನು ಮಾಡಬೇಕು ಎಂದು ಬಸ್ಸಿನಲ್ಲಿ ಕೂತು ಎಣಿಕೆ ಹಾಕುತ್ತಿದ್ದೆ. ಈಗ ಅದು ಎದುರಿಗೆ ಬಂದು ನಿಂತಾಗ ಆದೇಶವನ್ನು ಎರಡು ಸಲ ಓದಿ ಮಡಚಿಟ್ಟೆ. ಪ್ರಶ್ನೆಪತ್ರಿಕೆಯ ಕಪಾಟಿನ ಕೀಲಿ, ಮಕ್ಕಳ ಊಟ, ಇಡೀ ಶಾಲೆ, ಇಷ್ಟನ್ನು ಒಂದು ಕಾರ್ಡು ಕಾಯಲಾರದವಳ ಕೈಗೆ ಕೊಡುವುದೇ? ಒಂದು ದಿನ ಎಲ್ಲರೆದುರು ಬಯಲಾಗುವುದಕ್ಕಿಂತ ಮೊದಲೇ ಹಿಂದೆ ಸರಿಯುವುದು ಲೇಸು ಎನಿಸಿತು. ಬಡ್ತಿ ಬೇಡವೆಂದು ಬರೆದುಕೊಟ್ಟೆ. ಯಜಮಾನರು ಅವತ್ತು ಚೇಷ್ಟೆ ಮಾಡಲಿಲ್ಲ. “ಯಾಕ? ಏನಾಗೇತಿ?” ಎಂದರು. “ಭಾಳ ದೂರ ಆಗ್ತೈತಿ,” ಎಂದೆ. ಹೇಳಿದವಳೇ ಒಳಗೆ ಎದ್ದು ಹೋದೆ.

ಸಂಕೇಶ್ವರದಲ್ಲಿ ನುಂಗಿದ ಕಾರ್ಡು ಗೋಕಾಕದ ಬ್ಯಾಂಕಿಗೇ ಬಂದಿದೆ ಎಂದು ತಿಳಿದು, ತಲೆ ತಗ್ಗಿಸಿಕೊಂಡು ಹೋದೆ. ಸಾಹೇಬರು “ಮತ್ತ?” ಎಂದರು. ಆಮೇಲೆ ಮೇಜಿನ ಖಾನೆ ಎಳೆದರು. ಅದರ ತುಂಬ ಕಾರ್ಡು. ಇಸ್ಪೀಟಿನ ಎಲೆಗಳಂತೆ ರಬ್ಬರು ಹಾಕಿ ಕಟ್ಟಿದ ಕಟ್ಟುಗಳು. ನನ್ನದನ್ನು ಹುಡುಕಲು ಒಂದೊಂದಾಗಿ ಮೇಜಿನ ಮೇಲೆ ಹಾಕುತ್ತ ಹೋದರು. ನನ್ನ ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಹೆಸರು ಕಂಡಿತು. ಕೋರ್ಟಿನ ವಕೀಲರದು. ಅರಭಾವಿ ಕಾಲೇಜಿನಲ್ಲಿ ಕಲಿಸುವ, ದಿನಾ ನಮ್ಮ ಬಸ್ಸಿಗೇ ಬರುವ ಪ್ರೊಫೆಸರರದು.

“ಇವೆಲ್ಲ ಯಾರ್ವುರಿ?” ಎಂದೆ.

“ನಿಮ್ಮಂಗ ಮರತ ಹೋದಾವ್ರದುರಿ. ದಿನಾ ಸಂಜೀಕ ಮಷೀನ ತಗದ್ರ ಒಂದ ಹಿಡಿ ಬರ್ತಾವು. ಮಂದೀಗಿ ಲಕ್ಷ್ಯನ ಇಲ್ರಿ. ದೊಡ್ಡದಾಗಿ ಬರದ ಹಚ್ಚೇನಿ ನೋಡ್ರಿ ಗ್ವಾಡಿಗಿ.”

ಗೋಡೆಯ ಮೇಲೆ ನಿಜವಾಗಿಯೂ ‘ಕಾರ್ಡ್ ಮರೆಯಬೇಡಿ’ ಎಂದು ಬರೆದು ಅಂಟಿಸಿದ್ದರು. ಯಂತ್ರದ ಪಕ್ಕ ಒಂದು, ಬಾಗಿಲಿಗೊಂದು. ನಾನು ಕುರ್ಚಿ ಎಳೆದುಕೊಂಡು ಕೂತೆ. ಡಾಕ್ಟರಮ್ಮನಿಗೆ ಮರೆವೇ? ವಕೀಲರಿಗೂ? ಆಗ ಇಪ್ಪತ್ತು ವರ್ಷದಿಂದ ನನಗೆ ಗೊತ್ತಿದ್ದ ಸಂಗತಿಯೊಂದು ಹೊಳೆಯಿತು. ಗಂಟೆ ಹೊಡೆದ ಮೇಲೆ ಹೇಳಿದ ಮನೆಪಾಠ ಯಾವ ಮಗುವಿನ ಕಿವಿಗೂ ಹೋಗುವುದಿಲ್ಲ. ಗಂಟೆ ಕೇಳಿದ್ದೇ ಅವರ ಮನಸ್ಸು ಎದ್ದು ಹೊರಗೆ ಓಡಿರುತ್ತದೆ, ಮೈ ಮಾತ್ರ ಬೆಂಚಿನ ಮೇಲಿರುತ್ತದೆ. ಅದು ಮಕ್ಕಳ ದಡ್ಡತನವಲ್ಲ. ಅದಕ್ಕೇ ಯಾವ ಮೇಷ್ಟ್ರಾದರೂ ಮನೆಪಾಠವನ್ನು ಗಂಟೆಗೆ ಮೊದಲೇ ಹೇಳಿ ಮುಗಿಸುತ್ತಾರೆ. ಈ ಯಂತ್ರ ಮಾತ್ರ ಗಂಟೆ ಹೊಡೆದ ಮೇಲೆ ಪಾಠ ಹೇಳುತ್ತಿತ್ತು. ಜನ ಬರುವುದು ಹಣಕ್ಕೆ. ಹಣ ಕೈಗೆ ಬಂದರೆ ಕೆಲಸ ಮುಗಿಯಿತು. ಅದಾದ ಮೇಲೆ ಮೆಲ್ಲಗೆ ಕಾರ್ಡು ಹೊರಗಿಟ್ಟರೆ ನೋಡುವವರು ಯಾರು?

“ಸಾಹೇಬ್ರ, ಮೊದ್ಲ ಕಾರ್ಡ ಕೊಟ್ಟು ಆಮ್ಯಾಲ ರೊಕ್ಕಾ ಕೊಟ್ರ ಏನಾಗ್ತೈತ್ರಿ ಇದಕ್ಕ?” ಎಂದೆ. ಸಿಟ್ಟಿನಿಂದ ಮೇಜಿನ ಮೇಲಿನ ಕಾರ್ಡುಗಳತ್ತ ಬೆರಳು ತೋರಿಸಿದೆ. “ರೊಕ್ಕಾ ಬಿಟ್ಟ ಯಾರೂ ಹೋಗೂದಿಲ್ಲ. ಇಷ್ಟ ಮಂದೀನ ಒಬ್ಬೊಬ್ರನ್ನ ಕರದ ಬೈಯೂಕಿಂತ ಅದನ್ನ ತಿದ್ದಬಾರ್ದೇನ್ರಿ?”

ಅವರು ನಕ್ಕುಬಿಟ್ಟರು. “ಕಂಪನಿಯಾವ್ರು ಮಾಡಿದ್ದುರಿ ಅಕ್ಕೋರ. ಅವ್ರಿಗಿ ಗೊತ್ತಿರಂಗಿಲ್ಲೇನು?” ಎಂದು ಕಾರ್ಡು ನನ್ನ ಕೈಗಿಟ್ಟರು.

ಅಲ್ಲಿಂದ ನೇರ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ, ಬಡ್ತಿ ಬೇಕು ಎಂದು ಕೇಳಲು. ಗುಮಾಸ್ತರು ಕನಿಕರದಿಂದಲೇ ಹೇಳಿದರು, ನನ್ನ ನಂತರದವರಿಗೆ ಆದೇಶ ಹೋಗಿಯಾಗಿತ್ತು. ನನ್ನ ನಂತರದವರು ಗಣಿತದ ಸರ್. ಅದೇ ಯಂತ್ರ ಅವರ ಕಾರ್ಡನ್ನೂ ನುಂಗಿತ್ತು. ಅವರು ಯಂತ್ರವನ್ನು ಬೈದು ಹುಕ್ಕೇರಿಗೆ ಹೋದರು, ನಾನು ನನ್ನನ್ನೇ ಬೈದುಕೊಂಡು ಮೂಡಲಗಿಯಲ್ಲಿ ಉಳಿದೆ. ಬೀಳ್ಕೊಡುವ ದಿನ ಅವರು ಪ್ರಾಮಾಣಿಕವಾಗಿ ಕೇಳಿದರು, “ಖರೆ ಹೇಳ್ರಿ ಅಕ್ಕೋರ, ನೀವ್ ಯಾಕ ಬ್ಯಾಡಂದ್ರಿ? ನನಗಿಂತ ಚಲೋ ನಡಸ್ತಿದ್ರಿ ನೀವು.” ದೂರ ಆಗ್ತೈತಿ ಎಂದು ಅವರಿಗೂ ಅದೇ ಸುಳ್ಳು ಹೇಳಿದೆ. ಒಂದು ಡಬ್ಬಿಯಂಥ ಯಂತ್ರದ ಮಾತು ನಂಬಿ ನನ್ನ ತಲೆಯನ್ನೇ ನಂಬದೆ ಹೋದೆ ಎಂದು ಹೇಗೆ ಹೇಳುವುದು?

ತಪ್ಪು ನನ್ನದಲ್ಲ ಎಂದು ಗೊತ್ತಾದರೆ ನಾಚಿಕೆ ಹೋಗುತ್ತದೆ ಎಂದು ತಿಳಿದಿದ್ದೆ. ಹೋಗಲಿಲ್ಲ. ಮೊದಲು ಮರೆತದ್ದಕ್ಕೆ ನಾಚಿಕೆ ಇತ್ತು, ಆಮೇಲೆ ತಪ್ಪು ನನ್ನ ತಲೆಯದೇ ಎಂದು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ. ವರ್ಷವಿಡೀ ಪಕ್ಕದ ಸೀಟಿನಲ್ಲಿ ಕೂತು ಬಂದ ಆ ಪ್ರೊಫೆಸರರಿಗೆ ‘ನಿಮ್ಮ ಕಾರ್ಡೂ ಹೋಗಿತ್ತೇ?’ ಎಂದು ಒಂದು ಮಾತು ಕೇಳಿದ್ದರೂ ಸಾಕಿತ್ತು. ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಹವಾಮಾನದ ಮಾತಾಡಿಕೊಂಡು ಮರ್ಯಾದೆ ಉಳಿಸಿಕೊಂಡೆವು.

ಕೆಲವು ವರ್ಷದ ಮೇಲೆ ಬ್ಯಾಂಕಿನವರು ಹೊಸ ಯಂತ್ರ ತಂದರು. ಅದರಲ್ಲಿ ಕಾರ್ಡು ಒಳಗೆ ಉಳಿಯುವುದೇ ಇಲ್ಲ; ತುಸು ತೂರಿಸಿ ಕೂಡಲೇ ಎಳೆದುಕೊಳ್ಳಬೇಕು, ಕಾರ್ಡು ಪರ್ಸಿಗೆ ಹೋದ ಮೇಲೆಯೇ ಹಣ. ನಾನು ಪಾಸ್‌ಬುಕ್ಕಿನ ಕೆಲಸಕ್ಕೆ ಹೋದಾಗ ಸಾಹೇಬರು ಆ ಖಾನೆಯನ್ನು ಎಳೆದು ತೋರಿಸಿದರು. ಬರೀ ರಬ್ಬರುಗಳಿದ್ದವು. ಗೋಡೆಯ ಮೇಲಿನ ಬರಹವನ್ನೂ ಕಿತ್ತಿದ್ದರು.

“ಈಗ ಒಂದೂ ಕಾರ್ಡ ಬರವಲ್ಲುರಿ ಅಕ್ಕೋರ. ನಮ್ಮ ಮಂದಿ ಶಾಣ್ಯಾ ಆಗ್ಯಾರು,” ಎಂದು ಹೆಮ್ಮೆಯಿಂದ ಹೇಳಿದರು.

ನನಗೆ ಎಲ್ಲ ಗೊತ್ತಿತ್ತು. ಅಲ್ಲೇ ನಿಂತು ಹೇಳಬಹುದಿತ್ತು, ಮಂದಿ ಮೊದಲಿನ ಮಂದಿಯೇ ಎಂದು. ಆದರೆ ನನ್ನ ಬಾಯಿಂದ “ಹೌದ್ರಿ ಸಾಹೇಬ್ರ” ಎಂದೇ ಬಂತು, ಜೊತೆಗೆ ಒಂದು ನಗುವೂ ಬಂತು.