ಮಾದನ್ ಹಿಡಿದ ಉಸಿರು

ಕಲ್ಲೂರಿನ ಕಾಡಂಚಿನಲ್ಲಿ ಮಾದನ್ ಅಂದರೆ ಹೆಜ್ಜೇನಿನ ಮಾದನ್. ನಲವತ್ತು ವರ್ಷ ಮುಗಿಲೆತ್ತರದ ಮರಗಳನ್ನು ಹತ್ತಿ ಇಳಿದವನು, ಒಂದು ದಿನವೂ ಹೆದರಿದೆ ಎಂದವನಲ್ಲ. ಅಂಥವನು ಬತ್ತೇರಿ ಪೇಟೆಯ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ, ಕೈಗಳನ್ನು ತಲೆಯ ಮೇಲೆತ್ತಿ ಮಲಗಿ, ಗಡಗಡ ನಡುಗುತ್ತಿದ್ದ. ಮೂರು ತಿಂಗಳಿಂದ ಬಿಡದ ಕೆಮ್ಮು; ಎಕ್ಸ್‌ರೇಯಲ್ಲಿ ಬಲಗಡೆ ಒಂದು ಕಲೆ. ಅದು ಗಡ್ಡೆಯೋ ಅಲ್ಲವೋ ಈ ಯಂತ್ರ ಹೇಳಬೇಕಿತ್ತು.

ಮೊದಲ ಸಲ ಕೆಟ್ಟಿತು. ಯಂತ್ರ ನಡೆಸುವ ರಜಿಷ ಗಾಜಿನಾಚೆಯಿಂದ "ಉಸಿರು ಹಿಡೀರಿ" ಅಂದಳು. ಮಾದನ್ ತನಗೆ ಗೊತ್ತಿದ್ದ ಹಾಗೆಯೇ ಹಿಡಿದ. ಜೇನುತಟ್ಟಿಗೆ ಮುಖ ಕೊಡುವ ಮೊದಲು ಪಕ್ಕಕ್ಕೆ ತಿರುಗಿ, ಇದ್ದಬದ್ದ ಉಸಿರನ್ನೆಲ್ಲ ಹೊರಹಾಕಿ ಬಾಯಿ ಬಿಗಿಯುವುದು ಅವನ ರೂಢಿ. ಉಸಿರು ತಾಗಿದರೆ ಹುಳುಗಳು ಕೆರಳುತ್ತವೆ. ಬರಿದಾದ ಎದೆ ಎಷ್ಟು ಹೊತ್ತು ತಡೆದೀತು, ಪಾಪ? ನಡುವೆಯೇ ಕೆಮ್ಮು ಬಂತು.

ರಜಿಷ ಒಳಗೆ ಬಂದಳು. ಮಲಯಾಳಿಯಾದರೂ ತಾಯಿಯ ತವರು ಗುಂಡ್ಲುಪೇಟೆಯಾದ್ದರಿಂದ ಅವಳಿಗೆ ಕನ್ನಡ ಬರುತ್ತಿತ್ತು; ಅಣ್ಣ ಎನ್ನಲು ಮಾತ್ರ ಚೇಟಾ ಎಂದೇ ಬಾಯಿಗೆ ಬರುತ್ತಿತ್ತು.

"ಚೇಟಾ, ಉಸಿರು ಬಿಟ್ಟು ಅಲ್ಲ, ಪೂರ್ತಿ ಒಳಗೆಳ್ಕೊಂಡು ಹಿಡೀಬೇಕು. ಎದೆ ಅಲ್ಲಾಡಿ ಚಿತ್ರ ಎಲ್ಲಾ ಕಲಸಿಹೋಗಿದೆ. ಆ ಕಲೆ ಏನಂತ ಗೊತ್ತಾಗಲ್ಲ."

"ಗೊತ್ತಾಗಾಕಿಲ್ವಾ, ಮೋಳೇ?" ಎಂದ ಮಾದನ್, ಮಗಳನ್ನು ಕರೆದಂತೆ. ಗೊತ್ತಾಗಲ್ಲ ಎಂಬ ಮಾತು ಕೇಳಿ ಅವನ ಜೀವಕ್ಕೆ ಎಷ್ಟು ಹಾಯೆನಿಸಿತು!

ಅವಳು ಹೇಳಿಕೊಟ್ಟಂತೆ ಎರಡು ಸಲ ಉಸಿರೆಳೆದು ನೋಡಿದ. ಮಂಚ ಮತ್ತೆ ಯಂತ್ರದೊಳಗೆ ಸರಿಯಿತು. ಒಂದಿಷ್ಟು ಉಸಿರು ಬಿಟ್ಟರೆ ಸಾಕು, ಇವತ್ತೂ ಏನೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದದ್ದು ಆಗಲೇ. ಆದರೆ ಹೊರಗೆ ಹೆಂಡತಿ ಚಿರುತ ಕಾಯುತ್ತಿದ್ದಳು. ಮೂರು ದಿನದಿಂದ ಅವಳು ಮಾತು ಬಿಟ್ಟು ಬರೀ ಅವನ ಮುಖ ನೋಡುತ್ತಿದ್ದಳು. ಅವಳನ್ನು ಇನ್ನೊಂದು ದಿನ ಹಾಗೆ ಇರಿಸಲು ಅವನಿಗೆ ಮನಸ್ಸಾಗಲಿಲ್ಲ. ಎದೆ ತುಂಬ ಉಸಿರೆಳೆದು ಹಿಡಿದ. ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ.

"ಚಿತ್ರ ಸರಿಯಾಗಿ ಬಂದಿದೆ" ಎಂದಳು ರಜಿಷ, ಅವನ ಮುಖ ನೋಡದೆ. ಕೇಳದೆಯೇ ಅವನ ರಟ್ಟೆ ಹಿಡಿದು ಇಳಿಸಿದಳು. "ಮನೆಗೆ ಹೋಗ್ಬೇಡಿ ಚೇಟಾ. ಡಾಕ್ಟ್ರು ಈಗಲೇ ನೋಡ್ಬೇಕಂತೆ."

ಮಾದನ್ ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲ ಕಡೆ ನಡೆದ.

ಬಾಗಿಲಲ್ಲೇ ಚಿರುತ ಎದುರಾದಳು. "ಏನಂದ್ರು?"

"ಚಿತ್ರ ಸರಿಯಾಗಿ ಬಂದದೆ ಅಂದ್ರು."

"ಅಬ್ಬಾ!" ಎಂದು ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು ನಕ್ಕಳು. ಚೀಲದಿಂದ ಬಾಟಲಿ ತೆಗೆದು ಗಟಗಟನೆ ನೀರು ಕುಡಿಯತೊಡಗಿದಳು. ಡಾಕ್ಟರು ಕರೆದದ್ದನ್ನು ಹೇಳಲು, ಅವಳು ಕುಡಿದು ಮುಗಿಸಲಿ ಎಂದು ಮಾದನ್ ಕಾದ.