ಎಲಿತೋಟದ ಸಾಲಿ

ನಾನು ಎಲೆ-ಅಡಿಕೆ ಹಾಕುವುದಿಲ್ಲ. ಹೋದ ವಾರ ಇಲ್ಲೇ ಆಡೂರಿನ ಒಂದು ಮನೆಯಲ್ಲಿ ಬಸುರಿ ಸೊಸೆಯ ಕುಬುಸದ ಊಟವಿತ್ತು. ಊಟವಾದ ಮೇಲೆ ತಟ್ಟೆ ಬಂತು. ತಟ್ಟೆಯ ತುಂಬ ಸವಣೂರಿನ ಎಲೆ, ಆಗತಾನೆ ಒದ್ದೆ ಅರಿವೆಯಿಂದ ಬಿಚ್ಚಿದ್ದು. ಆ ಹಸಿರು ಘಾಟು ಮೂಗಿಗೆ ಬಡಿದದ್ದೇ ತಡ, ತಟ್ಟೆಯನ್ನು ಪಕ್ಕದವರ ಕಡೆ ಸರಿಸಿಬಿಟ್ಟೆ. "ಅಕ್ಕೋರು ಎಲಿ ಹಾಕೂದಿಲ್ಲ ಬಿಡ್ರಿ, ಸಾಲಿ ಹುಡುಗೂರು ನಗತಾವು" ಎಂದು ಆ ಮನೆಯ ಯಜಮಾನಿ ನನ್ನ ಪರವಾಗಿ ತಾನೇ ಕಾರಣ ಕೊಟ್ಟಳು. ನಾನು ಹೌದೆಂದು ತಲೆಯಾಡಿಸಿದೆ. ಇನ್ನೊಬ್ಬರು ನನ್ನ ಬಗ್ಗೆ ಒಳ್ಳೆಯ ಮಾತು ಹೇಳುವಾಗ ಸುಮ್ಮನೆ ಕೂಡುವುದು ನನಗೆ ಚಿಕ್ಕಂದಿನಿಂದಲೂ ಚೆನ್ನಾಗಿ ಬರುತ್ತದೆ.

ನಿಮಗಾದರೂ ಖರೆ ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ. ಅವಸರ ಮಾಡಬೇಡಿ, ಈ ಮಾತು ಹೊರಬರಲಿಕ್ಕೆ ಹದಿನೈದು ವರ್ಷಕ್ಕೂ ಹೆಚ್ಚು ಹಿಡಿದಿದೆ, ಇನ್ನರ್ಧ ಗಂಟೆ ಹಿಡಿದರೆ ಯಾರ ಗಂಟೂ ಹೋಗುವುದಿಲ್ಲ.

ಸವಣೂರಿನಲ್ಲಿ ಆಗ ನವಾಬರ ಆಡಳಿತ. ನಮ್ಮ ಶಾಲೆಗೆ ಗುರುಪಾದ ಮಾಸ್ತರು ಧಾರವಾಡದಲ್ಲಿ ಟ್ರೇನಿಂಗು ಮುಗಿಸಿಕೊಂಡು ಬಂದಿದ್ದರು. ಟ್ರೇನಿಂಗಿಗೆ ಹೋಗುವ ಮೊದಲು ಅವರು ಗಿಡದಿಂದ ಛಡಿ ಮುರಿದು ನಮಗೆ ಬಾರಿಸುತ್ತಿದ್ದರು. ಬಂದ ಮೇಲೆ ಛಡಿ ಬಿಟ್ಟು ಗಿಡದ ಹೆಸರು ಹೇಳತೊಡಗಿದರು. ನಾವು ಅದನ್ನೇ ವಿದ್ಯೆಯ ಮಹಿಮೆ ಎಂದುಕೊಂಡೆವು. "ನಿಸರ್ಗ ಪಾಠ ಗ್ವಾಡಿ ನಡುವ ಆಗೂದಿಲ್ಲ" ಎಂದು ಮನೆಮನೆಗೆ ಹೇಳುತ್ತ ತಿರುಗಿ, ಬೇಸಿಗೆ ಸೂಟಿಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲು ಒಪ್ಪಿಗೆ ತೆಗೆದುಕೊಂಡರು. ತಾಯಂದಿರಿಗೆ ನಿಸರ್ಗದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಮಕ್ಕಳು ಮನೆಯಲ್ಲಿಲ್ಲದಿದ್ದರೆ ಮಾಳಿಗೆಯ ಮೇಲೆ ಒಣಹಾಕಿದ ಹಸಿ ಹಪ್ಪಳ ಉಳಿಯುತ್ತವಲ್ಲ, ಅಷ್ಟು ಸಾಕಾಗಿತ್ತು.

ಸುಡುಬಿಸಿಲಿನ ಸವಣೂರಿನಲ್ಲಿ ತಂಪೆಂದರೆ ಎಲೆಬಳ್ಳಿಯ ತೋಟ ಒಂದೇ. ಮಾಸ್ತರು ಪರಿಚಯದ ಒಂದು ತೋಟವನ್ನು ಕೇಳಿ ಪಡೆದರು. ನೀವು ಎಲೆತೋಟದೊಳಗೆ ಹೋಗಿದ್ದೀರೋ ಇಲ್ಲವೋ. ಚೊಗಚಿ, ನುಗ್ಗಿ ಗಿಡಗಳಿಗೆ ಹಬ್ಬಿದ ಬಳ್ಳಿ, ಸಾಲುಸಾಲಾಗಿ; ನಡುವೆ ಹರಿಯುವ ನೀರ ಕಾಲುವೆ. ಹೊರಗೆ ಮಣ್ಣು ಹೆಂಚಿನಂತೆ ಕಾದಿದ್ದರೂ ಒಳಗೆ ಕಾಲಿಟ್ಟರೆ ಮೈ ಜುಮ್ಮೆನ್ನುತ್ತಿತ್ತು. ನಾವು ಹನ್ನೆರಡು ಹದಿಮೂರು ಮಕ್ಕಳು, ಅದರಲ್ಲಿ ಐವರು ಹುಡುಗಿಯರು. ರೊಟ್ಟಿ ಗಂಟು ತಂದು ಬಾವಿಯ ಹತ್ತಿರ ಇಟ್ಟು, ದಿನವೆಲ್ಲ ಎಲೆ ನೋಡುವುದು, ಇರುವೆ ನೋಡುವುದು, ಹಕ್ಕಿ ಕೂಗಿದರೆ ಬಾಯಿ ಮುಚ್ಚಿಕೊಂಡು ಕೇಳುವುದು. ಊರವರು ಅದಕ್ಕೆ ಎಲಿತೋಟದ ಸಾಲಿ ಎಂದು ಹೆಸರಿಟ್ಟರು.

ಆ ಶಾಲೆಯಲ್ಲಿ ಎಲ್ಲರಿಗಿಂತ ಶಾಣ್ಯಾ ಹುಡುಗಿ ನಾನೆಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಆದರೆ ಅದು ನೀಲವ್ವ. ಅವಳ ತಾಯಿ ಅದೇ ತೋಟದಲ್ಲಿ ಎಲೆ ಕಟ್ಟುವ ಕೆಲಸ ಮಾಡುತ್ತಿದ್ದ ವಿಧವೆ. ನೀಲವ್ವ ನನಗಿಂತ ಒಂದು ವರ್ಷ ದೊಡ್ಡವಳು, ಎತ್ತರದ ಹುಡುಗಿ. ಎರಡು ಎಲೆ ಸೇರಿಸಿ ಹೊಲಿದು ಗೂಡು ಕಟ್ಟುವ ಹಕ್ಕಿಯನ್ನು ಮಾಸ್ತರು ಪುಸ್ತಕದಲ್ಲಿ ಮಾತ್ರ ನೋಡಿದ್ದರು. ಗೂಡನ್ನೇ ಹುಡುಕಿ ತೋರಿಸಿದವಳು ಅವಳು. ಮಾಸ್ತರು ಆ ದಿನ, "ನೀಲವ್ವ, ನೀ ಮುಲ್ಕಿ ಪಾಸಾಗ್ತಿ, ನನ್ನ ಕುರ್ಚಿ ಮ್ಯಾಲ ನೀನ ಕುಂದರ್ತಿ" ಎಂದರು. ನನಗೆ ಹೊಟ್ಟೆ ಉರಿಯಿತು. ಆದರೂ ಮಧ್ಯಾಹ್ನ ಅವಳ ಗಂಟಿನ ಶೇಂಗಾ ಚಟ್ನಿ ಬೇಡಿ ತಿಂದೆ, ಅದರಲ್ಲಿ ನನಗೆ ಯಾವ ಸಂಕೋಚವೂ ಇರಲಿಲ್ಲ.

ತೋಟದ ಯಜಮಾನನ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಮೊದಲ ದಿನವೇ ಆಕೆ ನಮಗೆ ತೋಟದ ಕಟ್ಟಳೆ ಹೇಳಿದ್ದಳು. ಕಾಲ್ಮರಿ ಹೊರಗೆ ಬಿಡಬೇಕು, ಕಾಲು ತೊಳೆದು ಬರಬೇಕು. ಹುಡುಗಿಯರನ್ನು ಬೇರೆ ನಿಲ್ಲಿಸಿ ಇನ್ನೊಂದು ಮಾತು ಹೇಳಿದಳು: "ದೊಡ್ಡಾಕಿ ಆದಾಕಿ ಹೊರಗಾದ ದಿನ ಇಲ್ಲಿ ಕಾಲಿಡಬಾರ್ದು. ಆಕಿ ನೆಳ್ಳ ಬಿದ್ರ ಸಾಕು, ಬಳ್ಳಿ ಹಳದಿ ಆಗಿ ಸಾಯತಾವು." ಎಲೆತೋಟಗಳಲ್ಲಿ ಇದು ಎಲ್ಲ ಕಡೆಯೂ ನಡೆದುಬಂದದ್ದೇ. ಬಳ್ಳಿಯೆಂದರೆ ದೇವರು, ಮೈಲಿಗೆ ತಾಳುವುದಿಲ್ಲ. ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಯಾರೂ ದೊಡ್ಡವರಾಗಿರಲಿಲ್ಲ.

ಇನ್ನು ನನ್ನ ಮನೆಯ ಸಂಗತಿ ಹೇಳಬೇಕು. ನನ್ನ ಅಕ್ಕ ದೊಡ್ಡವಳಾದ ದಿನವೇ ಅವಳ ಪಾಟಿ-ದಪ್ತರ ಅಟ್ಟಕ್ಕೆ ಹೋಗಿತ್ತು. ಅಪ್ಪ ನನಗೂ ಅದೇ ಕರಾರು ಹಾಕಿದ್ದ: "ಅಲ್ಲೀತನಾ ಓದು, ಆಮ್ಯಾಲ ಸಾಕು." ಮುಲ್ಕಿ ಪರೀಕ್ಷೆಗೆ ಇನ್ನೊಂದು ವರ್ಷ ಬಾಕಿಯಿತ್ತು; ಅದೊಂದು ಪಾಸಾದರೆ ಶಾಲೆಯ ನೌಕರಿ ಸಿಗುತ್ತಿತ್ತು. ನಾನೋ ಕಡ್ಡಿಯಂಥ ಹುಡುಗಿ, ಹನ್ನೆರಡಾಗಿದ್ದರೂ ಒಂಬತ್ತರವಳ ಹಾಗೆ ಕಾಣುತ್ತಿದ್ದೆ. ಆ ಒಂದು ವರ್ಷ ಹೇಗಾದರೂ ದಾಟಿಬಿಡುತ್ತೇನೆಂದು ನಂಬಿದ್ದೆ.

ದಾಟಲಾಗಲಿಲ್ಲ. ಒಂದು ಮಧ್ಯಾಹ್ನ, ತೋಟದಲ್ಲಿಯೇ, ಇರುವೆಗಳ ಸಾಲನ್ನು ನೋಡುತ್ತ ಕುಳಿತವಳು ಏಳುವಾಗ ನನಗೆ ಗೊತ್ತಾಯಿತು. ಅಳು ಬರಲಿಲ್ಲ. ಮೊದಲು ನೆನಪಾದದ್ದು ಅಟ್ಟ. ಸದ್ದಿಲ್ಲದೆ ಬಾವಿಯ ಕಡೆಯ ಸಾಲಿಗೆ ಹೋಗಿ, ಕಾಲುವೆಯಲ್ಲಿ ಕುಳಿತು ಉಟ್ಟಿದ್ದ ಪರಕಾರದ ಕಲೆ ತೊಳೆದುಕೊಂಡೆ. ಮಾಸ್ತರು ಕೇಳಿದರೆ ಕೆಸರಿನಲ್ಲಿ ಜಾರಿದೆ ಎಂದೆ. ಅವರು ನಕ್ಕು, ನೋಡಿ ನಡೆಯಬೇಕು ಎಂದರು. ಮನೆಯಲ್ಲಿ ಅವ್ವನಿಗೂ ಹೇಳಲಿಲ್ಲ. ಮರುದಿನವೂ ತೋಟಕ್ಕೆ ಹೋದೆ, ಅದರ ಮರುದಿನವೂ. ಹೋಗದಿದ್ದರೆ ಯಾಕೆಂದು ಕೇಳುತ್ತಾರಲ್ಲ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಬಾವಿಯ ಕಡೆಯ ಒಂದು ಸಾಲಿನಲ್ಲಿ ಬಳ್ಳಿ ಹಳದಿಯಾಗತೊಡಗಿತು. ಬೇರು ಕೊಳೆಯುವ ರೋಗ ಎಲೆಬಳ್ಳಿಗೆ ಆಗಾಗ ಬರುತ್ತದೆ, ನೀರು ನಿಂತಲ್ಲಿ ಹೆಚ್ಚು. ಇದನ್ನು ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದುಕೊಂಡೆ. ಆ ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ತೋಟದವರು ಆ ಸಾಲಿಗೆ ಹಗಲೆಲ್ಲ ನೀರು ಬಿಟ್ಟಿದ್ದರು. ಆದರೆ ಆಗ ಯಾರೂ ಬೇರನ್ನು ನೋಡಲಿಲ್ಲ. ಆಯಿ ಐವರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದಳು. ನನ್ನ ಮುಂದೆ ಬಂದು ಗಲ್ಲ ಮುಟ್ಟಿ, "ಇದಿನ್ನೂ ಕೂಸು" ಎಂದು ಮುಂದೆ ಹೋದಳು. ನೀಲವ್ವನ ಮುಂದೆ ನಿಂತಳು.

"ನಡುವ ಎರಡ ದಿನ ನೀ ಯಾಕ ಬಂದಿರಲಿಲ್ಲ?"

"ಅವ್ವಗ ಜ್ವರ ಬಂದಿತ್ತ್ರೀ ಆಯಿ."

"ಜ್ವರ ಅವ್ವಗ ಬಂದಿತ್ತೋ, ನೀ ಇಲ್ಲೇ ದೊಡ್ಡಾಕಿ ಆಗಿ ಮನ್ಯಾಗ ಕುಂತಿದ್ಯೋ?"

"ಇಲ್ರೀ. ದೇವರಾಣಿ ಇಲ್ಲ. ನಾ ಇನ್ನೂ ಆಗಿಲ್ರಿ."

ಜ್ವರ ಬಂದದ್ದು ನಿಜ; ನೀಲವ್ವನ ತಾಯಿಯೂ ಹಾಗೆಂದೇ ಹೇಳಿದಳು. ಆಯಿ ಅದಕ್ಕೆ, "ಮಗಳನ್ನ ಮುಚ್ಚಾಕ ಬಂದಿತ್ತೇನು ಜ್ವರ?" ಎಂದಳು. ಆ ತಾಯಿ ಒಂದು ಗಳಿಗೆ ಮಗಳ ಮೈಯನ್ನು ಮೇಲಿಂದ ಕೆಳಗೆ ನೋಡಿದಳು. ಎತ್ತರದ ಹುಡುಗಿ, ತುಂಬಿಕೊಂಡ ಹುಡುಗಿ. ಮುಂದಕ್ಕೆ ಬಂದು ಕಪಾಳಕ್ಕೆ ಹೊಡೆದಳು.

ನೀಲವ್ವ ಅಳಲಿಲ್ಲ. ಮಾಸ್ತರ ಕಡೆ ತಿರುಗಿ ಕೇಳಿದಳು: "ಮಾಸ್ತರ, ಬಳ್ಳಿ ಬೇರಿನಿಂದ ನೀರ ಕುಡೀತೈತಿ ಅಂತ ಹೇಳಿದ್ರಿ. ನೆಳ್ಳ ಕುಡೀತೈತಿ ಅಂತ ಹೇಳಿರಲಿಲ್ಲಲ್ರಿ?"

ಗುರುಪಾದ ಮಾಸ್ತರು ತೋಟದ ಯಜಮಾನನ ಮುಖ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು. ಧಾರವಾಡದ ಟ್ರೇನಿಂಗು ಅಲ್ಲಿಗೆ ಮುಗಿಯಿತು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರಿಗೆ ಗೊತ್ತಿದ್ದದ್ದು ಬಳ್ಳಿಯ ಸಂಗತಿ ಮಾತ್ರ. ಹುಡುಗಿಯರ ಸಂಗತಿ ಗೊತ್ತಿದ್ದವಳು ನಾನು. ಹೇಳಲಿಕ್ಕೆ ಎಷ್ಟು ಮಾತು ಬೇಕಿತ್ತು? ಆಕಿ ಅಲ್ಲ, ನಾನು. ಅಟ್ಟದ ಮೇಲಿನ ಅಕ್ಕನ ದಪ್ತರದ ಪಕ್ಕ ಇನ್ನೊಂದು ದಪ್ತರದಷ್ಟು ಜಾಗ ಖಾಲಿ ಇತ್ತು, ಅದೇ ಕಣ್ಣಿಗೆ ಕಟ್ಟಿತ್ತು.

ಐದು ಜನ ಮುತ್ತೈದೆಯರನ್ನು ಕರೆಸಿ ತೋಟದ ಶಾಂತಿ ಮಾಡಿಸಿದರು. ಎಲಿತೋಟದ ಸಾಲಿ ನಿಂತಿತು. ಸೂಟಿ ಮುಗಿದು ಶಾಲೆ ತೆರೆದಾಗ ನೀಲವ್ವ ಬರಲಿಲ್ಲ. ದೊಡ್ಡವಳಾಗದ ಹುಡುಗಿಯನ್ನು ದೊಡ್ಡವಳೆಂದು ಮನೆಯಲ್ಲಿ ಕೂರಿಸಿದರು. ಮರುವರ್ಷ ಮಾಸೂರಿಗೆ ಮದುವೆ ಮಾಡಿಕೊಟ್ಟರು. ನನ್ನದನ್ನು ಪರೀಕ್ಷೆಯವರೆಗೆ ಮನೆಯಲ್ಲಿ ಮುಚ್ಚಿಟ್ಟು ನಾನು ಮುಲ್ಕಿ ಪಾಸಾದೆ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಾಗ ಆ ಮುಲ್ಕಿಯೇ ನನ್ನ ಅನ್ನವಾಯಿತು. ಮಾಸ್ತರು ನೀಲವ್ವನಿಗೆ ತೋರಿಸಿದ ಕುರ್ಚಿಯ ಮೇಲೆ ನಾನು ಕುಳಿತೆ.

ನನ್ನನ್ನು ಮಾಸೂರಿನ ಹೆಣ್ಣುಮಕ್ಕಳ ಶಾಲೆಗೆ ಹಾಕಿದ್ದು ಬರೀ ಆಕಸ್ಮಿಕ. ಹೋದ ಬೇಸಿಗೆ ಅಲ್ಲಿ ನಾನೂ ಮಾಸ್ತರ ಹಾಗೆ ಸೂಟಿಯಲ್ಲಿ ಮಕ್ಕಳನ್ನು ಮದಗದ ಕೆರೆಯ ದಂಡೆಗೆ ಹಗಲೆಲ್ಲ ಕರೆದುಕೊಂಡು ಹೋಗಲು ಹೊರಟೆ. ಪಾಪ ತೊಳೆಯಲು ಹೊರಟೆನೋ, ಜಂಬಕ್ಕೆ ಹೊರಟೆನೋ ಗೊತ್ತಿಲ್ಲ. ಹುಡುಗಿಯರನ್ನು ಕೇಳುತ್ತ ಕೂಲಿಯವರ ಓಣಿಗೆ ಹೋದಾಗ ಒಂದು ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಗದ್ದೆ ಕೆಲಸಕ್ಕೆ ಬೆನ್ನು ಬಾಗಿತ್ತು. ನನ್ನನ್ನು ನೋಡಿ ಅವಳಿಗಾದ ಸಂತೋಷ ನನಗೆ ನೋಡಲಾಗಲಿಲ್ಲ. ಅವಳ ಮಗಳು ಶಾಂತವ್ವನಿಗೆ ಹನ್ನೊಂದು ವರ್ಷ, ಶಾಲೆಯ ಮುಖ ಕಂಡಿರಲಿಲ್ಲ. "ಬ್ಯಾರೆ ಯಾರರ ಕೇಳಿದ್ರ ಇಲ್ಲ ಅಂತಿದ್ದೆ. ನೀ ಅಂದ್ರ ಕಳಸ್ತೇನಿ. ಸೂಟಿ ಮುಗದ ಮ್ಯಾಲ ಸಾಲಿಗೂ ಕಳಸ್ತೇನಿ" ಎಂದಳು.

ಶಾಂತವ್ವ ನಾಲ್ಕು ದಿನ ಬಂದಳು. ನೀರುಕೋಳಿಯ ಗೂಡನ್ನು ಮೊದಲು ಕಂಡವಳು ಅವಳೇ ಎಂದು ಹೇಳಬೇಕಿಲ್ಲವಲ್ಲ. ಐದನೆಯ ದಿನ ನೀಲವ್ವ ತಾನೇ ಬುತ್ತಿ ತಂದು, ದಂಡೆಯ ಮೇಲೆ ನನ್ನ ಪಕ್ಕ ಕುಳಿತಳು. ರೊಟ್ಟಿ ಮುರಿಯುತ್ತ ಹಳೆಯ ಮಾತು ತಾನಾಗಿಯೇ ತೆಗೆದಳು.

"ಎಲ್ಲಾರೂ ಅಂದ್ರು, ಅವ್ವನೂ ಅಂದ್ಲು. ಕಡೀಕ ನನಗ ಸಂಶೆ ಬಂತು ನೋಡು. ನನಗ ಗೊತ್ತಿಲ್ಲದಂಗ ಆಗಿತ್ತೇನೋ, ನನ್ನಿಂದನ ಬಳ್ಳಿ ಸತ್ತಾವೇನೋ ಅಂತ. ಈಗೂ ಎಲಿ ಮುಟ್ಟಾಕ ಅಂಜತೇನಿ."

ಇನ್ನು ತಡೆಯಲಾಗಲಿಲ್ಲ. "ನೀಲವ್ವ, ಅದು ನಾನು" ಎಂದೆ. ಎಲ್ಲ ಹೇಳಿದೆ, ಕಾಲುವೆ, ಪರಕಾರ, ಅಟ್ಟ. ಅವಳ ಮನಸ್ಸು ಹಗುರಾಗಲೆಂದು ಹೇಳಿದೆ ಎಂದರೆ ಅರ್ಧ ಸುಳ್ಳು. ನನ್ನದು ಹಗುರಾಗಲೆಂದೂ ಹೇಳಿದೆ.

ಅವಳು ಬಾಯಲ್ಲಿದ್ದ ತುತ್ತು ನುಂಗಿ, ಉಳಿದ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿದಳು.

"ಅವತ್ತ ನೀ ಹುಡುಗಿ. ಅಂಜಿದ್ದಿ, ತಿಳೀತೈತಿ. ನಿನ್ನ ಜಾಗಾದಾಗ ನಾನಿದ್ರೂ ಅಂಜತಿದ್ನೇನೋ. ಮುಲ್ಕಿ ಪಾಸಾದ ಮ್ಯಾಲರ ಹೇಳಬೇಕಿತ್ತು. ನೌಕರಿ ಹತ್ತಿದ ಮ್ಯಾಲರ. ನಮ್ಮವ್ವ ಹೋದ ವರ್ಷ ಸತ್ಲು. ಸಾಯೂ ಮುಂದೂ, 'ಅವತ್ತ ಒಂದ ಮಾತ ನನಗರ ಹೇಳಬಾರದಾಗಿತ್ತೇನ ಮಗಳ' ಅಂದ್ಲು. ನಾ ಏನ ಹೇಳಬೇಕಾಗಿತ್ತ ಆಕಿಗೆ?"

ಅವಳು ಎದ್ದು ನೀರಿನ ಅಂಚಿನಲ್ಲಿದ್ದ ಮಗಳನ್ನು ಕೂಗಿದಳು. ಶಾಂತವ್ವ ಬರಲಾರೆನೆಂದು ಹಟ ಮಾಡಿದಳು. ನೀಲವ್ವ ಅವಳ ರಟ್ಟೆ ಹಿಡಿದು, ನನ್ನ ಕಡೆ ನೋಡದೆ ಹೇಳಿದಳು:

"ಓದಬ್ಯಾಡ ಅನ್ನಾಕತ್ತಿಲ್ಲ. ನೀ ಇರೂ ಸಾಲಿಗೆ ನನ್ನ ಮಗಳು ಬರೂದಿಲ್ಲ."

ಊರಿನಲ್ಲಿ ಹೆಣ್ಣುಮಕ್ಕಳಿಗೆ ಇನ್ನೊಂದು ಶಾಲೆ ಇರಲಿಲ್ಲ. ಸೂಟಿ ಮುಗಿದು ಶಾಲೆ ತೆರೆದಾಗ ಶಾಂತವ್ವ ತಾಯಿಯ ಹಿಂದೆ ಗದ್ದೆಗೆ ಹೋಗುವುದನ್ನು ಕಿಟಕಿಯಿಂದ ಎರಡು ತಿಂಗಳು ನೋಡಿದೆ. ಎರಡು ಸಲ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಬಾ ಎನ್ನುವವರಿರಲಿಲ್ಲ. ಮೂರನೆಯ ಸಲ ಹೋಗುವ ಬದಲು ವರ್ಗಕ್ಕೆ ಅರ್ಜಿ ಬರೆದೆ. ಮಾಸೂರು ಬಿಟ್ಟು ಆಡೂರಿಗೆ ಯಾಕೆ ಬಂದಿರಿ ಎಂದು ಇಲ್ಲಿಯವರು ಕೇಳುತ್ತಾರೆ. ಕೆರೆಯ ಗಾಳಿ ಮೈಗೆ ಒಗ್ಗಲಿಲ್ಲ ಎನ್ನುತ್ತೇನೆ. ಸುಳ್ಳು ಹೇಳುವುದನ್ನು ಪೂರ್ತಿ ಬಿಡಲು ನನ್ನಿಂದ ಇನ್ನೂ ಆಗಿಲ್ಲ.

ನಿನ್ನೆ ಮಾಸೂರಿನ ಶಾಲೆಯಿಂದ ಫಾತಿಮಾಬಿ ಅಕ್ಕೋರ ಕಾಗದ ಬಂತು. ಅವರು ಅಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಹಿರಿಯರು. ನಡೆದದ್ದೇನೂ ಅವರಿಗೆ ಗೊತ್ತಿಲ್ಲ, ಊರ ಸುದ್ದಿಯೆಂದು ಬರೆದಿದ್ದಾರೆ. ಕೂಲಿಯವರ ಓಣಿಯ ನೀಲವ್ವ ಮಗಳ ಕೈ ಹಿಡಿದುಕೊಂಡು ಬಂದು ಶಾಲೆಯ ಹೊಸ್ತಿಲ ಹೊರಗೇ ನಿಂತಿದ್ದಳಂತೆ. ಒಳಗೆ ಬಾ ಎಂದರೂ ಬರಲಿಲ್ಲವಂತೆ. "ಆ ಅಕ್ಕೋರು ಖರೇನ ಹೋದ್ರೇನ್ರಿ? ಮತ್ತ ತಿರುಗಿ ಬರೂದಿಲ್ಲಲ್ರಿ?" ಎಂದು ಎರಡೆರಡು ಸಲ ಕೇಳಿದಳಂತೆ. ಬರುವುದಿಲ್ಲ ಎಂದು ಇವರು ಹೇಳಿದ ಮೇಲೆ ಒಳಗೆ ಬಂದು ಮಗಳ ಹೆಸರು ಬರೆಸಿದಳಂತೆ.